ದಾರಿ ಯಂತ್ರ ಹುಡುಕಲಿ, ಗುರಿ ಮನುಷ್ಯ ತೀರ್ಮಾನಿಸಲಿ: ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಾದ ಶ್ರೀ ರಾಜನಾಥ ಸಿಂಗ್ ಅವರಿಗೆ,



ಉಪಗ್ರಹದ ನೆರವಿಲ್ಲದೆ ತಮ್ಮಷ್ಟಕ್ಕೆ ದಾರಿ ಕಂಡುಕೊಂಡು, ಹಿಂಡಾಗಿ ಹಾರಿ, ಗುರಿಯ ಮೇಲೆ ಎರಗಬಲ್ಲ ಡ್ರೋನ್‌ಗಳ ಕಾಲ ಬಂದಿದೆ. ನಮ್ಮ ಸೇನೆಗೂ ಅವು ಬೇಕು. ಅಂಥ ಯಂತ್ರಗಳ ವಿನ್ಯಾಸ, ತಂತ್ರಾಂಶ, ಪರೀಕ್ಷೆಗಳು ನನ್ನ ಊರಾದ ಬೆಂಗಳೂರಿನಲ್ಲಿ, ನನ್ನ ರಾಜ್ಯದಲ್ಲಿ ನಡೆಯುತ್ತಿವೆ. ಇವುಗಳ ವಿಷಯದಲ್ಲಿ ತಮ್ಮ ಸಹಿಯಿರುವ ಒಂದು ಬಹಿರಂಗ ಆದೇಶ ಹೊರಬರಬೇಕೆಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಪತ್ರ. ನಿಯಂತ್ರಣ ಕೊಠಡಿಯ ಸಂಪರ್ಕ ಕಡಿದುಹೋದ ಯಂತ್ರ ತಾನೇ ದಾರಿ ಹುಡುಕಲಿ, ಮರಳಿ ಬರಲಿ, ಬರಲಾಗದಿದ್ದರೆ ನೆಲಕ್ಕಿಳಿದು ಸಿಡಿತಲೆಯನ್ನು ನಿಷ್ಕ್ರಿಯಗೊಳಿಸಿಕೊಳ್ಳಲಿ. ಯಾರ ಮೇಲೆ ಎರಗಬೇಕು ಎಂಬುದನ್ನು ಮಾತ್ರ ಅದು ತಾನಾಗಿ ತೀರ್ಮಾನಿಸಕೂಡದು. ಆದೇಶದಲ್ಲಿ ಇರಬೇಕಾದ ತಿರುಳು ಇಷ್ಟೇ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಯಂತ್ರಗಳನ್ನು ಕಟ್ಟುವ ಊರಿನವರಿಗೂ, ಇವುಗಳ ಪರೀಕ್ಷೆಗೆ ನೆಲ ಬಿಟ್ಟುಕೊಟ್ಟ ಜಿಲ್ಲೆಯವರಿಗೂ ವಿಷಯ ತಿಳಿಯಬೇಕು.

ಮಾನ್ಯರೇ, ನಾನಿರುವ ಬೆನ್ಸನ್ ಟೌನ್ ಭಾಗ ಸೇನೆಗೆ ಹೊಸದಲ್ಲ. ದಂಡು ಪ್ರದೇಶ ಎಂದು ಕರೆಸಿಕೊಂಡೇ ಬೆಳೆದ ಊರು ಇದು. ಪಕ್ಕದ ಹಲಸೂರು ಕೆರೆಯ ದಂಡೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಕೇಂದ್ರವಿದೆ. ಅದೇ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಇಲ್ಲಿ ರೂಪಿಸಿದ ಸ್ಫೋಟಕ ಕೊಳವೆ ‘ಬ್ಯಾಂಗಲೋರ್ ಟಾರ್ಪಿಡೊ’ ಎಂಬ ಹೆಸರಿನಲ್ಲಿ ಎರಡು ಮಹಾಯುದ್ಧಗಳಲ್ಲಿ ಬಳಕೆಯಾಯಿತು. 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲಿ ಮುಳ್ಳುತಂತಿಯ ಬೇಲಿಗಳನ್ನು ಒಡೆದದ್ದು ಅದೇ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ವಿಮಾನ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್‌ಗೆ ಅದು ಬೀಜ. ದೆಹಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) 1960ರಲ್ಲಿ ಬೆಂಗಳೂರಿಗೆ ಬಂದಾಗ ಮೊದಲು ನೆಲೆ ನಿಂತದ್ದು ನಮ್ಮ ನೆರೆಯ ಜಯಮಹಲ್ ರಸ್ತೆಯಲ್ಲಿ, ಅರಮನೆಯ ಕುದುರೆ ಲಾಯದಲ್ಲಿ. ಲಕ್ಷ್ಯ, ನಿಶಾಂತ್, ರುಸ್ತುಂ ಎಂಬ ಚಾಲಕರಹಿತ ವಿಮಾನಗಳನ್ನು ಕಟ್ಟಿದ ಎಡಿಇ, ಕೃತಕ ಬುದ್ಧಿಮತ್ತೆಯ ಕೇಂದ್ರವಾದ ಸಿಎಐಆರ್, ಎರಡೂ ಸಿ.ವಿ. ರಾಮನ್ ನಗರದಲ್ಲಿವೆ. ನಮ್ಮ ಓಣಿಗಳ ಎಷ್ಟೋ ಮನೆಗಳ ಅನ್ನ ಈ ಸಂಸ್ಥೆಗಳಿಂದ ಬಂದಿದೆ. ಆಯುಧವೇ ಬೇಡ ಎನ್ನುವವನ ಪತ್ರ ಇದಲ್ಲ.

ಡ್ರೋನ್ ಹಿಂಡಿನ ಕೆಲಸದಲ್ಲೂ ಬೆಂಗಳೂರು ಮುಂದಿದೆ. 2021ರ ಜನವರಿ 15ರಂದು ದೆಹಲಿಯ ಸೇನಾ ದಿನದ ಪಥಸಂಚಲನದಲ್ಲಿ 75 ಡ್ರೋನ್‌ಗಳು ಒಟ್ಟಾಗಿ ಹಾರಿ ಅಣಕು ಗುರಿಗಳ ಮೇಲೆ ದಾಳಿಯ ಪ್ರದರ್ಶನ ನೀಡಿದವು. ಆ ಹಿಂಡಿನ ಹಿಂದಿದ್ದ ನ್ಯೂಸ್ಪೇಸ್ ರಿಸರ್ಚ್ ಬೆಂಗಳೂರಿನ ಕಂಪನಿ. ಅದೇ ವರ್ಷ ಯಲಹಂಕದ ಏರೋ ಇಂಡಿಯಾದಲ್ಲಿ ಎಚ್‌ಎಎಲ್ ತೋರಿಸಿದ ‘ಕ್ಯಾಟ್ಸ್’ ಯೋಜನೆಯಲ್ಲಿ ಯುದ್ಧವಿಮಾನದಿಂದ ಚಿಮ್ಮಿಸುವ ‘ಆಲ್ಫಾ-ಎಸ್’ ಎಂಬ ಹಿಂಡೂ ಇತ್ತು. 2024ರ ಆಗಸ್ಟ್‌ನಲ್ಲಿ ಎನ್‌ಎಎಲ್ ತನ್ನ ಆತ್ಮಾಹುತಿ ಡ್ರೋನ್ ಬಗ್ಗೆ ಹೇಳಿಕೊಂಡಿತು: ತೂಕ ಸುಮಾರು 120 ಕೆ.ಜಿ., ಹೊರುವ ಸ್ಫೋಟಕ 25 ಕೆ.ಜಿ., ವ್ಯಾಪ್ತಿ ಸುಮಾರು 1,000 ಕಿ.ಮೀ., ಜಿಪಿಎಸ್ ಸಿಗದ ಕಡೆಯೂ ಹಾರುವ ಸಾಮರ್ಥ್ಯ. ಎಂಜಿನ್ ಕೂಡ ಸ್ವಂತದ್ದು. ಇದು ಹೆಮ್ಮೆಪಡುವ ಕೆಲಸವೇ.

ಉಪಗ್ರಹ ನಂಬಿ ಕೂರಲಾಗದು ಎಂಬ ಸೇನೆಯ ಮಾತನ್ನೂ ನಾನು ಒಪ್ಪುತ್ತೇನೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅಲ್ಲಿಂದ ನೆಲ ಮುಟ್ಟುವ ಸಂಕೇತ ಎಷ್ಟು ಕ್ಷೀಣವೆಂದರೆ, ಟ್ರಕ್ಕಿನ ಮೇಲಿಟ್ಟ ಒಂದು ಟ್ರಾನ್ಸ್‌ಮಿಟರ್ ಅದನ್ನು ಮುಳುಗಿಸಿಬಿಡಬಲ್ಲದು. ಚತುರನಾದ ಎದುರಾಳಿ ಸುಳ್ಳು ಸಂಕೇತ ಕಳಿಸಿ ವಿಮಾನವನ್ನೇ ದಾರಿ ತಪ್ಪಿಸಬಲ್ಲ. ಇದು ಯುದ್ಧಭೂಮಿಯ ಮಾತು ಮಾತ್ರವಲ್ಲ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಗಡಿ ಭಾಗದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಸುತ್ತ, ನಾಗರಿಕ ವಿಮಾನಗಳಿಗೆ ಇಂಥ 465 ಅಡ್ಡಿಗಳು ಎದುರಾದವೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ನಮ್ಮದೇ ‘ನಾವಿಕ್’ ವ್ಯವಸ್ಥೆಯ ಸ್ಥಿತಿಯೂ ಗಟ್ಟಿಯಾಗಿಲ್ಲ. ಏಳು ಉಪಗ್ರಹಗಳ ಬಲದ ಮೇಲೆ ನಿಲ್ಲಬೇಕಿದ್ದ ಅದರಲ್ಲಿ ಸ್ಥಾನ ತಿಳಿಸುವ ಸೇವೆ ಕೊಡುತ್ತಿದ್ದುದು ನಾಲ್ಕೇ ಎಂದು 2025ರ ಜುಲೈನಲ್ಲಿ ಸಂಸತ್ತಿಗೆ ಉತ್ತರ ಬಂತು. ಕೆಲವದರ ಪರಮಾಣು ಗಡಿಯಾರಗಳು ಕೆಟ್ಟಿವೆ. 2025ರ ಜನವರಿ 29ರಂದು ಹಾರಿಸಿದ ಎನ್‌ವಿಎಸ್-02 ಸರಿಯಾದ ಕಕ್ಷೆಗೆ ಏರಲೇ ಇಲ್ಲ. ಆಪರೇಷನ್ ಸಿಂಧೂರದ ದಿನಗಳಲ್ಲಿ, 2025ರ ಮೇ 8ರ ರಾತ್ರಿ, ಪಾಕಿಸ್ತಾನ 36 ಕಡೆ 300ರಿಂದ 400 ಡ್ರೋನ್‌ಗಳನ್ನು ನುಗ್ಗಿಸಿತೆಂದು ಸೇನೆಯ ಅಧಿಕಾರಿಗಳು ದೇಶಕ್ಕೆ ತಿಳಿಸಿದರು. ಇಷ್ಟೆಲ್ಲ ಕಂಡ ಮೇಲೆ ಉಪಗ್ರಹವಿಲ್ಲದೆ ಹಾರುವ ಯಂತ್ರ ಬೇಕೆನ್ನುವುದರಲ್ಲಿ ತಕರಾರಿಲ್ಲ.

ತಕರಾರು ಶುರುವಾಗುವುದು ಆಮೇಲೆ. ಅದಕ್ಕೆ ಈ ಯಂತ್ರ ದಾರಿ ಹುಡುಕುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲ ಆಸರೆ ಜಡತ್ವ ಸಂವೇದಕಗಳು. ವೇಗ ಎಷ್ಟು ಬದಲಾಯಿತು, ಎಷ್ಟು ತಿರುಗಿದೆ ಎಂದು ಕ್ಷಣಕ್ಷಣವೂ ಅಳೆದು, ಹೊರಟ ಜಾಗದಿಂದ ಎಲ್ಲಿಗೆ ಬಂದಿದ್ದೇನೆಂದು ಲೆಕ್ಕ ಹಾಕುವ ವಿಧಾನ ಇದು. ಇದಕ್ಕೆ ಯಾರೂ ಅಡ್ಡಿ ಮಾಡಲಾರರು; ಆದರೆ ತಪ್ಪು ಬೆಳೆಯುತ್ತ ಹೋಗುತ್ತದೆ. ಸಂವೇದಕದಲ್ಲಿ ಗುರುತ್ವ ವೇಗೋತ್ಕರ್ಷದ ಸಾವಿರದಲ್ಲೊಂದು ಭಾಗದಷ್ಟು ದೋಷವಿದ್ದರೂ ಒಂದು ನಿಮಿಷದಲ್ಲಿ ಸುಮಾರು 18 ಮೀಟರ್, ಹತ್ತು ನಿಮಿಷದಲ್ಲಿ 1,700 ಮೀಟರಿಗೂ ಹೆಚ್ಚು ತಪ್ಪುತ್ತದೆ. ಹತ್ತು ಪಟ್ಟು ಸಮಯಕ್ಕೆ ನೂರು ಪಟ್ಟು ತಪ್ಪು. ಬೆನ್ಸನ್ ಟೌನ್ ಮೇಲಿದ್ದೇನೆ ಎಂದುಕೊಂಡ ಯಂತ್ರ ಆ ಹೊತ್ತಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಆಸುಪಾಸಿನಲ್ಲಿ ಇರಬಹುದು. ದುಬಾರಿ ಸಂವೇದಕದಲ್ಲಿ ದೋಷ ಬಹಳ ಕಡಿಮೆ. ಆದರೆ ಹೋಗಿ ಸಿಡಿಯಲೆಂದೇ ಮಾಡಿದ, ನೂರಾರು ಸಂಖ್ಯೆಯಲ್ಲಿ ಬೇಕಾದ ಯಂತ್ರಕ್ಕೆ ದುಬಾರಿ ಸಂವೇದಕ ಯಾರೂ ಹಾಕುವುದಿಲ್ಲ.

ಹಾಗಾಗಿ ಎರಡನೆಯ ಆಸರೆ ಕ್ಯಾಮೆರಾ. ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಬಗೆಯ ತಂತ್ರಾಂಶ ಬರೆಯುತ್ತಾಳೆ. ಒಮ್ಮೆ ಮನೆಗೆ ಬಂದಾಗ ಅಂಗೈಯಲ್ಲಿ ಹಿಡಿಯುವಂಥ ಒಂದು ಸರ್ಕ್ಯೂಟ್ ಬೋರ್ಡನ್ನೂ ಉಗುರಿನಗಲದ ಕ್ಯಾಮೆರಾವನ್ನೂ ಲ್ಯಾಪ್‌ಟಾಪಿಗೆ ಜೋಡಿಸಿ, ನಮ್ಮ ಬಾಲ್ಕನಿಯ ಕಟ್ಟೆಯ ಮೇಲಿಟ್ಟು ರಸ್ತೆಯತ್ತ ತಿರುಗಿಸಿದಳು. ಪರದೆಯ ಮೇಲೆ ಹಸಿರು ಚುಕ್ಕೆಗಳು ಮೂಡಿದವು. ಎದುರು ಮನೆಯ ಮಂಗಳೂರು ಹೆಂಚಿನ ಅಂಚು, ಕಿಟಕಿಯ ನಾಲ್ಕು ಮೂಲೆ, ಗೇಟಿನ ಕಂಬಿಗಳು, ವಿದ್ಯುತ್ ಕಂಬದ ತುದಿ, ಹೀಗೆ ಎದ್ದು ಕಾಣುವಲ್ಲೆಲ್ಲ ಚುಕ್ಕೆ. ಅವಳು ಕ್ಯಾಮೆರಾವನ್ನು ಮೆಲ್ಲಗೆ ಸರಿಸಿದಳು. ಚುಕ್ಕೆಗಳು ಎಷ್ಟು ಸರಿದವೆಂದು ನೋಡಿ ತಾನೆಷ್ಟು ಸರಿದೆನೆಂದು ಯಂತ್ರ ಹೇಳಿತು. ಸೆಂಟಿಮೀಟರಿನ ಲೆಕ್ಕದಲ್ಲಿ ಸರಿಯಾಗಿತ್ತು. ರಸ್ತೆ ಬದಿಯ ಮಳೆಮರದ ಮೇಲೂ ಚುಕ್ಕೆಗಳು ಮೂಡಿದ್ದವು. ಗಾಳಿ ಬೀಸಿದ್ದೇ ಅವು ಜಾರಿ ಚೆಲ್ಲಾಪಿಲ್ಲಿಯಾದವು. “ಎಲೆ ನಂಬೋಕಾಗಲ್ಲ ಸರ್, ಗೋಡೆ ಮೂಲೆ ನಂಬಬಹುದು,” ಎಂದಳು. ಕತ್ತಲು ಇಳಿಯುತ್ತಿದ್ದಂತೆ ಚುಕ್ಕೆಗಳು ಒಂದೊಂದಾಗಿ ಕಡಿಮೆಯಾದವು.

ಆಮೇಲೆ ಅವಳು ಇನ್ನೊಂದು ಕಡತ ತೆರೆದಳು. ಕ್ಯಾಮೆರಾ ಅದೇ, ಬೋರ್ಡ್ ಅದೇ. ಈಗ ಪರದೆಯ ಮೇಲೆ ಚುಕ್ಕೆಗಳ ಬದಲು ಚೌಕಗಳು ಬಂದವು; ಪ್ರತಿ ಚೌಕಕ್ಕೂ ಒಂದು ಹೆಸರು, ಆ ಹೆಸರು ಎಷ್ಟು ಖಚಿತವೆಂದು ಸೊನ್ನೆಯಿಂದ ಒಂದರೊಳಗೆ ಹೇಳುವ ಒಂದು ಅಂಕಿ. ವ್ಯಕ್ತಿ, ಬೈಕ್, ಕಾರು, ನಾಯಿ. ಬೀದಿ ದೀಪದ ಕೆಳಗೆ ನೀಲಿ ಟಾರ್ಪಾಲು ಹೊದಿಸಿದ ತರಕಾರಿ ತಳ್ಳುಗಾಡಿಯೊಂದು ಬಂದು ನಿಂತಿತು. ಯಂತ್ರ ಅದರ ಸುತ್ತ ಚೌಕ ಎಳೆದು ‘ಟ್ರಕ್’ ಎಂದಿತು. ಪಕ್ಕದಲ್ಲಿದ್ದ ಅಂಕಿ 0.81. ಗಾಡಿಯವರು ಟಾರ್ಪಾಲು ಸರಿಸಿದರು, ಹೆಸರು ಬದಲಾಗಲಿಲ್ಲ. “ತಳ್ಳುಗಾಡಿ ಅನ್ನೋದು ಅದಕ್ಕೆ ಗೊತ್ತೇ ಇಲ್ಲ ಸರ್. ಗೊತ್ತಿರೋ ಹೆಸರುಗಳಲ್ಲಿ ಹತ್ತಿರದ್ದು ಯಾವುದೋ ಅದನ್ನ ಹೇಳುತ್ತೆ,” ಎಂದು ವಿವರಿಸಿದಳು. ಸೇನೆಗೆ ಕೊಡುವ ತಂತ್ರಾಂಶಕ್ಕೆ ಇದಕ್ಕಿಂತ ಎಷ್ಟೋ ಹೆಚ್ಚು ತರಬೇತಿ ಇರುತ್ತದೆ ಎಂಬುದನ್ನೂ ಸೇರಿಸಿದಳು. ಇರಲಿ. ಎಷ್ಟೇ ತರಬೇತಿ ಕೊಟ್ಟರೂ ಗೊತ್ತಿಲ್ಲದ ವಸ್ತುವೊಂದು ಎದುರಾಗಿಯೇ ತೀರುತ್ತದೆ. ಆಗ ‘ಇದೇನೋ ತಿಳಿಯುತ್ತಿಲ್ಲ’ ಎಂದು ತಡೆದು ನಿಲ್ಲುವ ಗುಣವನ್ನು ಬೇರೆಯಾಗಿಯೇ ಕಲಿಸಬೇಕು. ಕಲಿತಿದೆಯೋ ಇಲ್ಲವೋ ಎಂದು ಹೊರಗಿನವರೊಬ್ಬರು ಪರೀಕ್ಷಿಸಬೇಕು.

ಮಾನ್ಯರೇ, ನನಗೆ ನಿಜವಾದ ಕಳವಳ ಹುಟ್ಟಿದ್ದು ಅಲ್ಲಿ. ದಾರಿ ಹುಡುಕುವ ಕಣ್ಣೂ ಬೇಟೆ ಹುಡುಕುವ ಕಣ್ಣೂ ಒಂದೇ. ಯಂತ್ರದ ಹೊರಗಿನಿಂದ ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಎರಡರ ನಡುವಿನ ಗೆರೆ ಇರುವುದು ತಂತ್ರಾಂಶದ ಒಂದು ಕಡತದಲ್ಲಿ. ಎದುರಾಳಿ ಜಿಪಿಎಸ್ ಅಡಗಿಸುವ ಕ್ಷಣದಲ್ಲಿ ಸಾಮಾನ್ಯವಾಗಿ ನಿಯಂತ್ರಣ ಕೊಠಡಿಯ ರೇಡಿಯೊ ಸಂಪರ್ಕವನ್ನೂ ಅಡಗಿಸುತ್ತಾನೆ. ಉಪಗ್ರಹವಿಲ್ಲದೆ ಹಾರುವ ಯಂತ್ರ ಬೇಕಾಗುವ ಹೊತ್ತೂ, ಮನುಷ್ಯನ ಮಾತು ಅದಕ್ಕೆ ತಲುಪದ ಹೊತ್ತೂ ಒಂದೇ ಆಗಿರುತ್ತದೆ. ‘ಕೊನೆಯ ಗುಂಡಿ ಒತ್ತುವುದು ನಮ್ಮ ಅಧಿಕಾರಿಯೇ’ ಎಂಬ ಭರವಸೆ ಎಲ್ಲ ಸರಿಯಿದ್ದಾಗ ನಿಜ. ಸಂಪರ್ಕ ಕಡಿದಾಗ ಏನಾಗುತ್ತದೆ ಎಂಬುದನ್ನು ಮೊದಲೇ ಬರೆದಿಡದಿದ್ದರೆ, ಆ ಭರವಸೆ ಬೇಕಾದ ಹೊತ್ತಿಗೆ ಕೈಕೊಡುತ್ತದೆ.

ಹಿಂಡಿನಲ್ಲಿ ಈ ಅಪಾಯ ಹೆಚ್ಚುತ್ತದೆ. ಹಿಂಡಿನ ಡ್ರೋನ್‌ಗಳು ಒಂದರಿಂದೊಂದು ದೂರವೆಷ್ಟು, ಯಾವ ದಿಕ್ಕು ಎಂದು ಪರಸ್ಪರ ಅಳೆದುಕೊಂಡು ತಮ್ಮ ಜಾಗ ತಿದ್ದಿಕೊಳ್ಳುತ್ತವೆ. ಒಂದೊಂದರ ಬಿಡಿ ತಪ್ಪುಗಳನ್ನು ಇದು ಚೆನ್ನಾಗಿ ತೊಡೆಯುತ್ತದೆ. ಆದರೆ ಎಲ್ಲದರ ಹೊಟ್ಟೆಯಲ್ಲೂ ಒಂದೇ ಹಳೆಯ ನಕ್ಷೆ, ಒಂದೇ ತಂತ್ರಾಂಶ ಇದ್ದರೆ ಎಲ್ಲವೂ ಏಕಕಾಲಕ್ಕೆ ಒಂದೇ ತಪ್ಪು ಮಾಡುತ್ತವೆ, ಒಂದನ್ನೊಂದು ನೋಡಿ ಸರಿಯೆಂದು ಖಾತ್ರಿಪಡಿಸಿಕೊಳ್ಳುತ್ತವೆ. 75 ಸೈನಿಕರ ತುಕಡಿಯಲ್ಲಿ ‘ಅಲ್ಲಿ ಮಕ್ಕಳ ಬಟ್ಟೆ ಒಣಗಲು ಹಾಕಿದ್ದಾರೆ, ತಡೆಯಿರಿ’ ಎನ್ನುವ ಒಬ್ಬನಾದರೂ ಇರುತ್ತಾನೆ. 75 ಡ್ರೋನ್‌ಗಳಲ್ಲಿ ಆ ಒಬ್ಬ ಇಲ್ಲ.

ಇಂಥ ಹಿಂಡಿನ ಕಲ್ಪನೆಗೆ ನಮ್ಮಲ್ಲಿ ಚಾಲನೆ ಕೊಟ್ಟದ್ದು ವಾಯುಪಡೆ 2018ರಲ್ಲಿ ಆರಂಭಿಸಿದ ‘ಮೆಹರ್ ಬಾಬಾ’ ಸ್ಪರ್ಧೆ. ಮೊದಲ ಸ್ಪರ್ಧೆಯ ಉದ್ದೇಶ ವಿಕೋಪದಲ್ಲಿ ಸಿಲುಕಿದವರನ್ನು ಹುಡುಕಿ ನೆರವು ಮುಟ್ಟಿಸುವುದಾಗಿತ್ತು. ಎರಡನೆಯದನ್ನು 2022ರ ಏಪ್ರಿಲ್‌ನಲ್ಲಿ ತಾವೇ ಉದ್ಘಾಟಿಸಿದಿರಿ. ರನ್‌ವೇ ಮೇಲೆ ಬಿದ್ದ ಕಸಕಡ್ಡಿ, ಲೋಹದ ಚೂರು ಪತ್ತೆಹಚ್ಚುವುದು ಅದರ ಗುರಿ. ಎರಡೂ ಜೀವ ಉಳಿಸುವ ಕೆಲಸ. ಸ್ಪರ್ಧೆಗೆ ಯಾರ ಹೆಸರಿಟ್ಟಿದೆಯೋ ಆ ಏರ್ ಕಮೊಡೋರ್ ಮೆಹರ್ ಸಿಂಗ್ 1948ರ ಮೇ 24ರಂದು ಲೇಹ್‌ನಲ್ಲಿ ಮೊದಲ ಬಾರಿಗೆ ವಿಮಾನ ಇಳಿಸಿದವರು. ಉಪಗ್ರಹ ಎಂಬುದೇ ಇಲ್ಲದ ಕಾಲ. ಆ ದಾರಿಗೆ ನಂಬಬಹುದಾದ ನಕ್ಷೆ ಇರಲಿಲ್ಲ; ಹಿಮಾಲಯದ ಕಣಿವೆಗಳನ್ನು ಕಣ್ಣಿನಲ್ಲೇ ಗುರುತಿಸುತ್ತ ಡಕೋಟಾ ನಡೆಸಿದರು. ಅದೇ ವಿಮಾನದಲ್ಲಿ ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರೂ ಕುಳಿತಿದ್ದರು. ಲೇಹ್ ಉಳಿಸಿಕೊಳ್ಳಬೇಕೆಂಬ ತೀರ್ಮಾನದ ಹೊಣೆ ಹೊತ್ತ ಸೇನಾನಿ ಆ ತೀರ್ಮಾನದ ಅಪಾಯಕ್ಕೆ ತಮ್ಮ ಜೀವವನ್ನೂ ಒಡ್ಡಿದ್ದರು. ಇಂದಿನ ಯುದ್ಧದಲ್ಲಿ ಪ್ರತಿ ಸೇನಾನಿಯೂ ವಿಮಾನ ಹತ್ತಬೇಕು ಎಂದು ಯಾರೂ ಕೇಳುವುದಿಲ್ಲ. ಆದರೆ ತೀರ್ಮಾನಕ್ಕೊಬ್ಬ ಒಡೆಯ ಇರಬೇಕು.

ಮನುಷ್ಯರೂ ತಪ್ಪು ಮಾಡುತ್ತಾರಲ್ಲ ಎಂಬ ವಾದ ಬರುತ್ತದೆ. ನಿಜ. 2019ರ ಫೆಬ್ರುವರಿ 27ರಂದು ಬಡ್ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಎಂಐ-17 ಹೆಲಿಕಾಪ್ಟರನ್ನು ಉರುಳಿಸಿ ವಾಯುಪಡೆಯ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕರೂ ಸತ್ತರು. ಅದು ನಮ್ಮ ದೊಡ್ಡ ತಪ್ಪು ಎಂದು ವಾಯುಪಡೆಯ ಮುಖ್ಯಸ್ಥರೇ ಒಪ್ಪಿಕೊಂಡರು, ವಿಚಾರಣೆ ನಡೆಯಿತು. 2022ರ ಮಾರ್ಚ್ 9ರಂದು ಬ್ರಹ್ಮೋಸ್ ಕ್ಷಿಪಣಿಯೊಂದು ಅಚಾತುರ್ಯದಿಂದ ಹಾರಿ ಪಾಕಿಸ್ತಾನದ ನೆಲದಲ್ಲಿ ಬಿತ್ತು. ಆರು ದಿನಗಳಲ್ಲಿ ತಾವು ಸಂಸತ್ತಿನ ಮುಂದೆ ನಿಂತು ಹೇಳಿಕೆ ಕೊಟ್ಟಿರಿ. ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳು ವಜಾಗೊಂಡರು. ಎರಡೂ ದೇಶಗಳ ಬಳಿ ಅಣುಬಾಂಬ್ ಇರುವಾಗ ಆ ಸಂಜೆ ಏನೆಲ್ಲ ಆಗಬಹುದಿತ್ತು ಎಂಬುದು ನನಗಿಂತ ತಮಗೆ ಚೆನ್ನಾಗಿ ಗೊತ್ತು. ಪರಿಸ್ಥಿತಿ ತಿಳಿಯಾಗಲು ಒಂದು ಕಾರಣ, ತಪ್ಪು ಯಾರದು ಎಂದು ತೋರಿಸಿ ಹೇಳಲು ನಮಗೆ ಸಾಧ್ಯವಾದದ್ದು. ನಾಳೆ ಹಿಂಡೊಂದು ಸಂಪರ್ಕ ಕಳೆದುಕೊಂಡು, ಗಡಿಯಾಚೆಯ ಮದುವೆ ಮನೆಯ ಮುಂದೆ ನಿಂತ ವಾಹನಗಳನ್ನು ಸೇನಾ ವಾಹನಗಳೆಂದು ತಿಳಿದು ಎರಗಿದರೆ, ಸಂಸತ್ತಿನಲ್ಲಿ ಯಾರ ಹೆಸರು ಹೇಳುತ್ತೀರಿ? ತಂತ್ರಾಂಶ ಬರೆದ ಹುಡುಗಿಯದೇ? ಹಾರಿಸಿದ ಸುಬೇದಾರರದೇ? ಟೆಂಡರಿಗೆ ಸಹಿ ಹಾಕಿದವರದೇ?

ಎದುರಾಳಿ ಇಂಥ ನಿಯಮ ಪಾಲಿಸದಿದ್ದರೆ ನಾವು ಹಿಂದೆ ಬೀಳುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಇಲ್ಲಿ ಎರಡು ಕೆಲಸಗಳನ್ನು ಬೇರೆ ಮಾಡಿ ನೋಡಬೇಕು. ನಮ್ಮ ವಾಯುನೆಲೆಯ ಮೇಲೆ ನೂರಾರು ಡ್ರೋನ್‌ಗಳು ಬರುತ್ತಿರುವಾಗ ಅವುಗಳನ್ನು ಹೊಡೆದುರುಳಿಸಲು ಯಂತ್ರದ ವೇಗವೇ ಬೇಕು. ಅಲ್ಲಿ ಗುರಿಯೂ ಯಂತ್ರ, ಜಾಗವೂ ಗೊತ್ತಿರುವಂಥದ್ದು. ಅದಕ್ಕೆ ನನ್ನ ಅಡ್ಡಿಯಿಲ್ಲ. ಜನವಸತಿಯ ನೆಲದ ಮೇಲೆ ಹೋಗಿ ಹೊಡೆಯುವ ಹಿಂಡಿನ ಮಾತೇ ಬೇರೆ. ಅಲ್ಲೂ ಮೊದಲೇ ಮನುಷ್ಯನೊಬ್ಬ ಪರಿಶೀಲಿಸಿ ಒಪ್ಪಿದ ನಿರ್ದಿಷ್ಟ ಸೇತುವೆ, ರಡಾರ್, ರನ್‌ವೇ ಆದರೆ ಯಂತ್ರ ಕುರುಡಾಗಿ ಹೋಗಿ ಮುಟ್ಟಲಿ. ಕ್ಷಿಪಣಿಗಳು ದಶಕಗಳಿಂದ ಮಾಡುತ್ತಿರುವುದು ಅದನ್ನೇ. ಹಾರುತ್ತ ಹಾರುತ್ತ ತಾನೇ ಹೊಸ ಗುರಿ ಹುಡುಕಿ ಹೊಡೆಯುವ ಸ್ವಾತಂತ್ರ್ಯವನ್ನಷ್ಟೇ ತಡೆಯಬೇಕು. ಇನ್ನು ಸಂಕೇತ ಅಡಗಿಸುವ ಜಾಮಿಂಗ್‌ಗೆ, ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸುವುದೊಂದೇ ಮದ್ದಲ್ಲ. ಉಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಬಿಚ್ಚಿಕೊಳ್ಳುತ್ತ ಹೋಗುವ ಡ್ರೋನ್‌ಗಳನ್ನು ಬಳಸುತ್ತಿದ್ದಾರೆ. ಹತ್ತಾರು ಕಿಲೋಮೀಟರ್ ದೂರದಲ್ಲೂ ಚಿತ್ರ ಮನುಷ್ಯನ ಕಣ್ಣಿಗೆ ಬರುತ್ತಲೇ ಇರುತ್ತದೆ. ಯಾವ ಜಾಮರೂ ಅದನ್ನು ತಡೆಯಲಾರದು. ಕಡಿಯಲಾಗದ ಸಂಪರ್ಕ ಕಟ್ಟುವುದರ ಮೇಲೆ ನಮ್ಮ ಜಾಣ್ಮೆ, ಹಣ ಖರ್ಚಾಗಲಿ.

ಪರೀಕ್ಷೆಗೆ ನೆಲ ಕೊಟ್ಟ ಚಿತ್ರದುರ್ಗ ಜಿಲ್ಲೆಯ ಮಾತನ್ನೂ ಹೇಳಬೇಕು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಒಗೆ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ನೆಲ ಸಿಕ್ಕಿದೆ. ಅಲ್ಲಿನ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ತಲೆಮಾರುಗಳಿಂದ ಆ ಹುಲ್ಲುಗಾವಲಿನಲ್ಲಿ ದನ, ಕುರಿ ಮೇಯಿಸಿಕೊಂಡಿದ್ದವರು ಬೇಲಿಯ ಹೊರಗೆ ನಿಂತರು, ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಡ್ರೋನ್ ‘ಜೋಡಿ ಚಿಕ್ಕೇನಹಳ್ಳಿ’ ಎಂಬ ಊರಿನ ಬಳಿ ಬಿತ್ತು. 2023ರ ಆಗಸ್ಟ್ 20ರಂದು ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲದಲ್ಲಿ ಬಿತ್ತು. ಎರಡೂ ಸಲ ಯಾರಿಗೂ ಪೆಟ್ಟಾಗಲಿಲ್ಲ. ಊರಿನವರು ಓಡಿ ಬಂದು ಸುತ್ತ ನಿಂತು ನೋಡಿದರು, ಫೋನಿನಲ್ಲಿ ಚಿತ್ರ ತೆಗೆದುಕೊಂಡರು. ಪರೀಕ್ಷೆಯಲ್ಲಿ ವಿಮಾನ ಬೀಳುವುದು ತಪ್ಪಲ್ಲ. ಬೀಳದೆ ಯಾರೂ ಕಲಿಯುವುದಿಲ್ಲ. ಆದರೆ ಅವೆರಡೂ ನೆಲದಿಂದ ಮನುಷ್ಯರು ನಿಯಂತ್ರಿಸುತ್ತಿದ್ದ, ಸ್ಫೋಟಕ ಹೊರದ ಯಂತ್ರಗಳು. ಮುಂದೆ ಅದೇ ಬಯಲಿನ ಮೇಲೆ ತಮ್ಮಷ್ಟಕ್ಕೆ ತೀರ್ಮಾನಿಸುವ ಹಿಂಡುಗಳ ಪರೀಕ್ಷೆ ನಡೆದರೆ, ಬೇಲಿಯಾಚೆಯ ಕುರಿಗಾಹಿಗೆ ಅದು ಮೊದಲೇ ತಿಳಿಯಬೇಕು. ಬಿದ್ದ ಯಂತ್ರದ ಹತ್ತಿರ ಹೋಗಬಾರದೆಂದು ಕನ್ನಡದಲ್ಲಿ ಹೇಳಿಕೊಡುವವರು ಇರಬೇಕು.

ಎರಗುವ ತೀರ್ಮಾನ ಯಾರದಿರಬೇಕು ಎಂಬ ಪ್ರಶ್ನೆಯಲ್ಲಿ ಜಗತ್ತಿಗೆ ದಾರಿ ತೋರಿಸುವ ಅರ್ಹತೆ ಭಾರತಕ್ಕಿತ್ತು. ಜಿನೀವಾದಲ್ಲಿ ಸ್ವಾಯತ್ತ ಮಾರಕಾಸ್ತ್ರಗಳ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಗುಂಪು 2017 ಮತ್ತು 2018ರಲ್ಲಿ ಸೇರಿದಾಗ ಅಧ್ಯಕ್ಷತೆ ವಹಿಸಿದವರು ನಮ್ಮ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. ಆ ಶ್ರಮದಿಂದ ಬೆಳೆದು 2019ರಲ್ಲಿ ಒಪ್ಪಿಗೆಯಾದ 11 ಮಾರ್ಗಸೂತ್ರಗಳಲ್ಲಿ ಒಂದು, ಆಯುಧ ಬಳಕೆಯ ಹೊಣೆ ಮನುಷ್ಯನಲ್ಲೇ ಉಳಿಯಬೇಕು, ಯಂತ್ರಕ್ಕೆ ಅದನ್ನು ದಾಟಿಸಲಾಗದು ಎನ್ನುತ್ತದೆ. ಆದರೆ 2023ರ ಡಿಸೆಂಬರ್ 22ರಂದು ಇದೇ ಕಳವಳದ ನಿರ್ಣಯ ಮಹಾಸಭೆಗೆ ಬಂದಾಗ 152 ದೇಶಗಳು ಪರವಾಗಿ ನಿಂತವು. ವಿರೋಧಿಸಿದ ನಾಲ್ಕರಲ್ಲಿ ರಷ್ಯಾ, ಬೆಲಾರಸ್, ಮಾಲಿಯ ಜೊತೆ ಭಾರತವೂ ಇತ್ತು. ಮರುವರ್ಷ 166 ದೇಶಗಳು ಪರವಾಗಿದ್ದಾಗ ನಾವು ತಟಸ್ಥರಾದೆವು. ಚರ್ಚೆ ಜಿನೀವಾದಲ್ಲೇ ನಡೆಯಲಿ, ಎರಡು ವೇದಿಕೆ ಬೇಡ ಎಂಬ ನಮ್ಮ ನಿಲುವಿನಲ್ಲಿ ಅರ್ಥವಿದೆ. ಹಾಗಿದ್ದರೆ ಜಿನೀವಾದಲ್ಲಾದರೂ ನಮ್ಮ ದನಿ ಗಟ್ಟಿಯಾಗಿ ಕೇಳಬೇಕು. ಕಾನೂನಿನ ಬಲವುಳ್ಳ ಒಪ್ಪಂದವೊಂದು 2026ರೊಳಗೆ ಆಗಲಿ ಎಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಗುಟೆರಸ್ ಕರೆ ಕೊಟ್ಟಿದ್ದಾರೆ. ತಜ್ಞರ ಗುಂಪಿಗೆ ಕೊಟ್ಟ ಗಡುವೂ ಅದೇ ವರ್ಷದ್ದು.

ದೇಶದೊಳಗೆ ಕೆಲಸ ಶುರುವಾಗಿದೆ ಎಂಬುದನ್ನೂ ಬಲ್ಲೆ. 2024ರ ಅಕ್ಟೋಬರ್ 17ರಂದು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಅವರು ಸೇನೆಯ ಕೃತಕ ಬುದ್ಧಿಮತ್ತೆಗಾಗಿ ‘ಇಟಿಎಐ’ ಚೌಕಟ್ಟನ್ನು ಬಿಡುಗಡೆ ಮಾಡಿದರು. ವಿಶ್ವಾಸಾರ್ಹತೆ, ಸುರಕ್ಷತೆ, ಪಾರದರ್ಶಕತೆ, ನ್ಯಾಯಸಮ್ಮತಿ, ಖಾಸಗಿತನ ಎಂಬ ಐದು ತತ್ತ್ವಗಳು ಅದರಲ್ಲಿವೆ. ಮನುಷ್ಯನ ತೀರ್ಮಾನ ಎಂಬ ಆರನೆಯದನ್ನು ಸೇರಿಸಿ. ನಾನು ಕೇಳುವ ಬಹಿರಂಗ ಆದೇಶಕ್ಕೆ ಪೂರ್ವನಿದರ್ಶನವೂ ಇದೆ. ಅಮೆರಿಕದ ರಕ್ಷಣಾ ಇಲಾಖೆ 2012ರಲ್ಲೇ ಸ್ವಾಯತ್ತ ಆಯುಧಗಳ ಬಗ್ಗೆ 3000.09 ಎಂಬ ಬಹಿರಂಗ ನಿರ್ದೇಶನ ಹೊರಡಿಸಿ 2023ರಲ್ಲಿ ಪರಿಷ್ಕರಿಸಿತು. ಅದರಲ್ಲಿ ಸಾಕಷ್ಟು ಸಡಿಲ ಜಾಗಗಳಿವೆ. ಆದರೂ ಯಾರು ಬೇಕಾದರೂ ಓದಿ ಪ್ರಶ್ನಿಸಬಹುದಾದ ಕಾಗದ ಅದು.

ತಮ್ಮಲ್ಲಿ ನನ್ನ ಬೇಡಿಕೆಗಳು ಐದು.

ಒಂದು, ಹಿಂಡು ಡ್ರೋನ್ ಖರೀದಿಯ ಪ್ರತಿ ಟೆಂಡರಿನಲ್ಲೂ, ತಮ್ಮ ಸಚಿವಾಲಯದ ‘ಐಡೆಕ್ಸ್’ ಯೋಜನೆಯ ಮೂಲಕ ಸ್ಟಾರ್ಟ್‌ಅಪ್‌ಗಳಿಗೆ ಕೊಡುವ ಪ್ರತಿ ಸವಾಲಿನಲ್ಲೂ ‘ಸಂಪರ್ಕ ಕಡಿದಾಗ ಹೊಸ ಗುರಿ ಆರಿಸಕೂಡದು’ ಎಂಬ ಷರತ್ತು ಕಡ್ಡಾಯವಾಗಲಿ. ದಾರಿ ಹುಡುಕುವ ತಂತ್ರಾಂಶ ಮತ್ತು ಗುರಿ ಗುರುತಿಸುವ ತಂತ್ರಾಂಶ ಬೇರೆಬೇರೆಯಾಗಿರಲಿ. ಎರಡನೆಯದರ ಬೀಗದ ಕೈ ಅಧಿಕಾರಿಯ ಬಳಿ ಇರಲಿ.

ಎರಡು, ಯಂತ್ರ ಏನು ಕಂಡಿತು, ಏನೆಂದು ತಿಳಿಯಿತು, ಯಾರು ಒಪ್ಪಿಗೆ ಕೊಟ್ಟರು ಎಂಬ ದಾಖಲೆ ತಿದ್ದಲಾಗದ ರೂಪದಲ್ಲಿ ಉಳಿಯಲಿ. ಯಂತ್ರ ಸಿಡಿದರೂ ಹಿಂಡಿನ ಮತ್ತೊಂದು ಯಂತ್ರದಲ್ಲೋ ನೆಲದ ಕೇಂದ್ರದಲ್ಲೋ ಪ್ರತಿ ಇರಲಿ.

ಮೂರು, ಮಾಡಿದವರೇ ಪರೀಕ್ಷಿಸುವ ಪದ್ಧತಿ ಬೇಡ. ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಯಿಂದ ತಜ್ಞರನ್ನು ಕರೆದು ಸ್ವತಂತ್ರ ಪರೀಕ್ಷಾ ಮಂಡಳಿ ರಚಿಸಿ. ಭಾರತದ ಬೀದಿ, ಭಾರತದ ಗಾಡಿ, ಮಳೆ, ಮಂಜು, ಮುಸ್ಸಂಜೆಯಲ್ಲಿ ಯಂತ್ರ ಎಷ್ಟು ಸಲ ತಪ್ಪಿತು ಎಂಬ ವರದಿ ರಕ್ಷಣಾ ಸ್ಥಾಯಿ ಸಮಿತಿಯ ಮುಂದೆ ಬರಲಿ. ಗುಟ್ಟಾಗಿ ಇರಬೇಕಾದ್ದು ಗುಟ್ಟಾಗಿಯೇ ಇರಲಿ, ಸಂಸದರಿಗಾದರೂ ತಿಳಿದಿರಲಿ.

ನಾಲ್ಕು, ಹೊಸ ಆಯುಧ ಅಂತರರಾಷ್ಟ್ರೀಯ ಮಾನವೀಯ ಕಾನೂನಿಗೆ ಒಪ್ಪುತ್ತದೆಯೇ ಎಂದು ಪರಿಶೀಲಿಸಬೇಕೆಂದು ಜಿನೀವಾ ಒಪ್ಪಂದಗಳ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 36ನೇ ವಿಧಿ ಹೇಳುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಅಮೆರಿಕವೂ ಅದನ್ನು ಅಂಗೀಕರಿಸಿಲ್ಲ, ಆದರೂ ತನ್ನ ಆಯುಧಗಳ ಕಾನೂನು ಪರಿಶೀಲನೆ ಮಾಡಿಸುತ್ತದೆ. ನಾವೂ ಸ್ವಂತ ಇಚ್ಛೆಯಿಂದ ಆ ಪದ್ಧತಿ ತರೋಣ. ಜಿನೀವಾದಲ್ಲಿ ಅದನ್ನೇ ನಮ್ಮ ನಿಲುವಾಗಿ ಇಡೋಣ.

ಐದು, ಈ ತಂತ್ರಾಂಶ ಬರೆಯುವ ಎಂಜಿನಿಯರುಗಳಿಗೆ ‘ಇದು ಇನ್ನೂ ಸಿದ್ಧವಿಲ್ಲ’ ಎಂದು ಲಿಖಿತವಾಗಿ ಹೇಳುವ ಹಕ್ಕಿರಲಿ; ಹೇಳಿದ್ದಕ್ಕೆ ಕೆಲಸ ಹೋಗದಂತೆ ರಕ್ಷಣೆ ಇರಲಿ. ಎಲ್ಲಿ ತಪ್ಪುತ್ತದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವರಿಗೆ.

ಇವುಗಳಿಂದ ಸೇನೆಯ ಬಲ ಕುಂದುವುದಿಲ್ಲ. ತನ್ನ ಆಯುಧ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಖಚಿತವಾಗಿ ಬಲ್ಲ ಅಧಿಕಾರಿ ಮಾತ್ರ ಅದನ್ನು ಧೈರ್ಯವಾಗಿ ಬಳಸಬಲ್ಲ. ಆದೇಶ ಈಗ ಬಂದರೆ ತಂತ್ರಾಂಶದಲ್ಲಿ ಕೆಲವು ಸಾಲು ಬರೆಯುವ ಕೆಲಸ. ಸಾವಿರಾರು ಯಂತ್ರಗಳು ಉಗ್ರಾಣ ಸೇರಿದ ಮೇಲೆ ಬಂದರೆ ಎಲ್ಲವನ್ನೂ ಬಿಚ್ಚಿ ಕಟ್ಟುವ ಕೆಲಸ.

ಓದುಗರಲ್ಲಿಯೂ ಒಂದು ವಿನಂತಿ. ನಿಮ್ಮ ಲೋಕಸಭಾ ಸದಸ್ಯರಿಗೆ ಒಂದು ಪತ್ರ ಬರೆಯಿರಿ. ‘ಸಂಪರ್ಕ ಕಡಿದಾಗ ನಮ್ಮ ಡ್ರೋನ್ ಏನು ಮಾಡುತ್ತದೆ?’ ಎಂಬ ಒಂದೇ ಪ್ರಶ್ನೆಯನ್ನು ಸದನದಲ್ಲಿ ಕೇಳಿಸಿ. ಸಚಿವರೇ, ಆ ಪ್ರಶ್ನೆ ಬರುವ ಮೊದಲೇ ತಮ್ಮ ಆದೇಶ ಬರಲಿ.

ಇಂತಿ ತಮ್ಮ ವಿಶ್ವಾಸಿ,
ಬೆನ್ಸನ್ ಟೌನ್‌ನ ಒಬ್ಬ ನಿವೃತ್ತ ಮೇಷ್ಟ್ರು